ನಾನು ನೋಡದ ಬಾವಿ

ಅವಳನ್ನು ಹೊಗಳುವುದು ನನಗೆ ಹೊಸತಲ್ಲ. ಅವಳಿಗೆ ಯಾವುದೋ ದೇಶದಲ್ಲಿ ಪ್ರಶಸ್ತಿ ಬಂದಾಗ ಇಲ್ಲಿನ ಪತ್ರಿಕೆಯವರು ಫೋನ್ ಮಾಡುತ್ತಿದ್ದುದು ನನಗೆ. ಅವಳು ಊರಿಗೆ ಬಂದು ನಮ್ಮ ಕಾಲೇಜಿನಲ್ಲಿ ಉಪನ್ಯಾಸ ಕೊಟ್ಟರೆ ವೇದಿಕೆಯ ಮೇಲೆ ಪರಿಚಯ ಮಾಡಿಕೊಡುತ್ತಿದ್ದವನು ನಾನು. ಹಾಗಾಗಿ ಈ ವರ್ಷ ಅವಳು ತೀರಿಕೊಂಡ ಸುದ್ದಿ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಬಂದು, ಕೈಮುಗಿದ ಚಿತ್ರಗಳು ಒಂದರ ಕೆಳಗೊಂದು ಬೀಳುತ್ತಿರುವಾಗಲೇ ನಾವಿಬ್ಬರೂ ಓದಿದ ವಿಭಾಗದಿಂದ ಕರೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಸಂತಾಪ ಸಭೆಯಲ್ಲಿ ನೀವೇ ಮಾತಾಡಬೇಕು ಸರ್, ನೀವು ಕ್ಲೋಸ್ ಅಲ್ವಾ ಎಂದರು. ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆನಂತೆ. ಮುಂದಿನ ಸಾಲಿನಲ್ಲಿ ಒಬ್ಬಳು ಕಣ್ಣೊರೆಸಿಕೊಂಡದ್ದನ್ನು ನಾನೂ ನೋಡಿದೆ.

ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಆದರೆ ಮನೆಗೆ ಬಂದು ಅಂಗಿ ಬಿಚ್ಚುವಾಗ ನಾನು ಮಾತಾಡಿದ್ದು ಬೇರೆ ಯಾರದೋ ಬಗ್ಗೆ ಅನಿಸಿತು. ಅವಳ ಮೇಲೆ ನನಗೆ ಇದ್ದದ್ದು ಹೊಟ್ಟೆಕಿಚ್ಚು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಸ್ನೇಹ ಎಂದು ಕರೆದುಕೊಂಡೇ ಬಂದಿದ್ದೇನೆ, ಮತ್ತು ಅದರಲ್ಲಿ ಸ್ನೇಹವೂ ಇತ್ತು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಸಾಕಷ್ಟು ಕಡೆ ಅಚ್ಚಾಗಿದೆ.

ನಾವಿಬ್ಬರೂ ಒಬ್ಬರೇ ಮೇಷ್ಟ್ರ ಕೈಕೆಳಗೆ ಪಿಎಚ್.ಡಿ.ಗೆ ಸೇರಿದವರು. ವಿಷಯ ಅಂತರ್ಜಲ. ಅವಳು ಉಳ್ಳಾಲದ ಬ್ಯಾರಿ ಕುಟುಂಬದವಳು. ತಂದೆಗೆ ಪೇಟೆಯಲ್ಲಿ ಕೊಡೆ, ಬ್ಯಾಗುಗಳ ಅಂಗಡಿ, ಅಣ್ಣಂದಿರು ಗಲ್ಫಿನಲ್ಲಿ. ನಮ್ಮದು ಬಂಟರ ಮನೆ. ಅಜ್ಜನ ಕಾಲದ ಗದ್ದೆ ಹೋದ ಮೇಲೆ ಅಪ್ಪ ಹೋಟೆಲ್ ಹಾಕಿದರು, ಈಗ ಅಣ್ಣ ನಡೆಸುತ್ತಾನೆ. ಮನೆಯಲ್ಲಿ ಓದಿದವನು ನಾನೊಬ್ಬ ಎಂಬ ಹೆಮ್ಮೆ ನನಗಿತ್ತು. ಅವಳ ಮನೆಯಲ್ಲೂ ಅಷ್ಟು ಓದಿದವಳು ಅವಳೊಬ್ಬಳೇ. ಆದರೆ ಅದರ ಬಗ್ಗೆ ಅವಳು ಹೆಮ್ಮೆಪಟ್ಟದ್ದನ್ನು ನಾನು ನೋಡಿಲ್ಲ. ಅದು ಕೂಡ ನನಗೆ ಆಗುತ್ತಿರಲಿಲ್ಲ.

ಕೊಡೆ ಅಂಗಡಿಯ ಮಗಳಾದರೂ ಮಳೆಗಾಲದಲ್ಲಿ ಅವಳ ಹತ್ತಿರ ಕೊಡೆ ಇರುತ್ತಿರಲಿಲ್ಲ. ನನ್ನದನ್ನು ತೆಗೆದುಕೊಂಡು ಹೋಗುವಳು. ವಾಪಸು ಬರುತ್ತಿರಲಿಲ್ಲ. ಕೇಳಿದರೆ, ಮಳೆ ನಿಂತ ಮೇಲೆ ಕೊಡೆ ಯಾರದು ಅಂತ ವಿಚಾರಿಸುವವನು ಸಣ್ಣ ಮನುಷ್ಯ ಎನ್ನುತ್ತಿದ್ದಳು. ನೀರಿನ ಉಪ್ಪು ಅಳೆಯುವ ಮೀಟರಿನ ಪೆಟ್ಟಿಗೆ ಒಡೆದುಹೋದಾಗ ವಿಭಾಗದವರು ಹೊಸತು ಕೊಡಿಸಲಿಲ್ಲ. ಅವಳು ಅದನ್ನು ಒಂದು ಸ್ಟೀಲಿನ ಬುತ್ತಿ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಇಟ್ಟುಕೊಂಡಳು. ಬಾವಿ ನೋಡಲು ಹೋದ ಮನೆಗಳಲ್ಲಿ ಹೆಂಗಸರು ಡಬ್ಬಿ ಕಂಡು, ಪಾಪ ಬುತ್ತಿ ಕಟ್ಟಿಕೊಂಡು ಬಂದಿದೆ ಹುಡುಗಿ, ತಣ್ಣಗಾಗಿರುತ್ತದೆ ಎಂದು ಒಳಗೆ ಕರೆದು ಬಿಸಿ ಗಂಜಿ ಬಡಿಸುತ್ತಿದ್ದರು. ಅವಳು ತಿನ್ನುತ್ತಿದ್ದಳು. ಡಬ್ಬಿಯಲ್ಲಿ ಊಟ ಇಲ್ಲ ಎಂದು ಹೇಳಿದ್ದನ್ನು ನಾನು ಕೇಳಲಿಲ್ಲ.

ನಾನು ಅದೇ ಹೊತ್ತಿನಲ್ಲಿ ಜಗಲಿಯಲ್ಲಿ ಕೂತು ಬೆಲ್ಲ ಕಡಿದು ನೀರು ಕುಡಿಯುತ್ತಿರುತ್ತಿದ್ದೆ. ಗಂಡಸರು ನನಗೆ ಕುರ್ಚಿ ಹಾಕಿ, ಸರಕಾರದಿಂದ ಎಂತ ಸಿಗ್ತದೆ ಎಂದು ಕೇಳುತ್ತಿದ್ದರು. ನನಗೆ ಮರ್ಯಾದೆ ಸಿಗುತ್ತಿತ್ತು, ಅವಳಿಗೆ ಸುದ್ದಿ ಸಿಗುತ್ತಿತ್ತು.

ಅವಳ ಕೆಲಸದ ಕ್ರಮ ಹೀಗೆ: ಮೊದಲು ಚಾ. ಮನೆಯವರು ಚಾ ಕೊಟ್ಟರೆ ಒಂದು ಗುಟುಕು ಕುಡಿದು, ಇದು ಯಾವ ಬಾವಿಯ ನೀರು ಎಂದು ಕೇಳುವುದು. ಮನೆಯಂಗಳದಲ್ಲೇ ಬಾವಿ ಇದ್ದರೂ ಚಾದ ನೀರು ಆಚೆಮನೆಯಿಂದ ಬಂದಿದೆ ಎಂದರೆ ಆ ಬಾವಿಯ ಕಥೆ ಅರ್ಧ ಮುಗಿದ ಹಾಗೆ. ಮೀಟರನ್ನು ಇಳಿಸುವ ಮೊದಲು ನೀರನ್ನು ಬಾಯಿಗೆ ಹಾಕಿ ನೋಡಿ ಉಪ್ಪಿನ ಅಂಕಿ ಹೇಳುತ್ತಿದ್ದಳು. ನನ್ನ ಜೊತೆ, ಸೋತವರು ಕೊಡಿಸುವ ಗೋಳಿಬಜೆಯ ಪಂಥ. ನಾನು ಎಷ್ಟು ಸಲ ಸೋತೆ ಎಂದು ಲೆಕ್ಕ ಇಟ್ಟಿಲ್ಲ. ಗೆದ್ದದ್ದು ಮಾತ್ರ ನೆನಪುಂಟು. ಒಂದೇ ಸಲ, ಅವತ್ತು ಅವಳಿಗೆ ಶೀತವಾಗಿತ್ತು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಕಾಲೇಜಿನಲ್ಲಿ ನಾನು ಮಕ್ಕಳಿಗೆ ಮೊದಲು ಕಲಿಸುವುದೇ ಯಾವುದನ್ನೂ ಒಂದೇ ಸಾಕ್ಷಿಯ ಮೇಲೆ ನಂಬಬಾರದು ಎಂದು. ಈ ಬರಹಕ್ಕೆ ಇರುವ ಸಾಕ್ಷಿ ಒಂದೇ, ಅದು ನಾನು. ನನ್ನ ನೆನಪನ್ನು ನಾನು ಪರೀಕ್ಷಿಸಿ ನೋಡಿದಾಗಲೆಲ್ಲ ಅದು ಎಲ್ಲೋ ಒಂದು ಕಡೆ ಸೋರಿದ್ದು ಕಂಡಿದೆ. ಅಣ್ಣ ಹೇಳುವ ಪ್ರಕಾರ ಅವಳಿಗೆ ಶೀತವೂ ಆಗಿರಲಿಲ್ಲ, ಆ ಪಂಥದ ಬಜೆಯ ಬಿಲ್ಲು ನಮ್ಮ ಹೋಟೆಲಿನಲ್ಲೇ ಹರಿದದ್ದು, ಕೊಟ್ಟವನು ನಾನೇ.

ಸರಿ, ಬೆಂಗ್ರೆಯ ಬಾವಿಗೆ ಬರುತ್ತೇನೆ.

ಬೆಂಗ್ರೆ ಎಂದರೆ ಒಂದು ಬದಿಗೆ ನದಿ, ಇನ್ನೊಂದು ಬದಿಗೆ ಕಡಲು, ನಡುವೆ ಉದ್ದಕ್ಕೆ ಬಿದ್ದ ಹೊಯಿಗೆ, ಬರೇ ಮರಳು. ಬಂದರಿನಿಂದ ದೋಣಿಯಲ್ಲಿ ಹೋಗಬೇಕು. ಆ ಹೊಯಿಗೆಯ ಒಳಗೆ ಮಳೆಯ ನೀರು ಉಪ್ಪುನೀರಿನ ಮೇಲೆ ತೇಲಿಕೊಂಡು ನಿಂತಿರುತ್ತದೆ. ಎರಡೂ ಕಡೆ ಉಪ್ಪು ಇದ್ದರೂ ಬಾವಿ ತೋಡಿದರೆ ಸಿಹಿನೀರು. ನಾನು ಅಲ್ಲಿನ ಒಂದು ಮನೆಯ ಬಾವಿಯನ್ನು ಆರಿಸಿಕೊಂಡು ಒಂದು ವರ್ಷ ಅಳೆದೆ. ಆ ನೀರಿನ ಉಪ್ಪು ಏರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಕಡಲಿನ ಭರತ ಇಳಿತದ ಜೊತೆ ಅದನ್ನು ಹೊಂದಿಸಿ ನಾನೊಂದು ನಕ್ಷೆ ಬರೆದೆ. ಎಲ್ಲ ಕಡೆ ಸರಿಯಾಗಿ ಕೂರುತ್ತಿರಲಿಲ್ಲ. ಕೂರದ ಕಡೆಗೆ ನಾನು ಕಾರಣಗಳನ್ನು ಹುಡುಕಿದೆ. ಕಡಲು ಹೊಯಿಗೆಯೊಳಗೆ ಉಸಿರಾಡುವುದನ್ನು ಆ ಬಾವಿಯಲ್ಲಿ ಕೇಳಬಹುದು ಎಂದು ಬರೆದಿದ್ದೆ. ಮೇಷ್ಟ್ರಿಗೆ ಆ ವಾಕ್ಯ ಬಹಳ ಹಿಡಿಸಿತ್ತು.

ಅದೇ ವರ್ಷ ಯುರೋಪಿನ ಒಂದು ವಿಶ್ವವಿದ್ಯಾಲಯದ ಫೆಲೋಶಿಪ್ ಬಂತು. ಅಂತರ್ಜಲ ಮತ್ತು ಒರತೆಗಳ ಮೇಲೆ ಪಿಎಚ್.ಡಿ. ಮಾಡುವವರಿಗೆ, ಬೇರೆ ಬೇರೆ ದೇಶಗಳಿಂದ ಆರಿಸಿ ಕರೆದುಕೊಂಡು ಹೋಗುವುದು. ನಮ್ಮ ವಿಭಾಗದಿಂದ ಇಬ್ಬರನ್ನು ಸಂದರ್ಶನಕ್ಕೆ ಕರೆದರು. ಹೋಗುವವರು ಒಬ್ಬರೇ. ನನ್ನದು ಬೆಂಗ್ರೆಯ ಬಾವಿ. ಅವಳದು ಮುರಕಲ್ಲಿನ, ಅಂದರೆ ತೂತುತೂತಾದ ಕೆಂಪುಕಲ್ಲಿನ, ಗುಡ್ಡಗಳ ಬುಡದಲ್ಲಿ ಒಸರುವ ಒರತೆಗಳು. ನನ್ನ ವಿಷಯವೇ ಮೇಲು ಎಂದು ಎಲ್ಲರೂ ಹೇಳುತ್ತಿದ್ದರು. ಅವಳೂ ಹೇಳಿದ್ದಳು ಎಂದು ನನ್ನ ನೆನಪು.

ಸಂದರ್ಶನದಲ್ಲಿ ಹೊರಗಿನಿಂದ ಬಂದ ಒಬ್ಬ ಮುದುಕ ಕೂತಿದ್ದ. ನಕ್ಷೆಯನ್ನು ತುಂಬ ಹೊತ್ತು ನೋಡಿದ. ಸುಂದರವಾಗಿದೆ ಎಂದ. ನಾನು ಖುಷಿಪಟ್ಟೆ. ಆಮೇಲೆ ಅವನು ಕೇಳಿದ: ಬಾವಿಯಿಂದ ನೀರು ಎತ್ತಿದವರು ಯಾರು? ಮನೆಯವರು ಎಂದೆ. ಯಾವುದರಲ್ಲಿ ಎತ್ತಿದರು? ನನಗೆ ಗೊತ್ತಿರಲಿಲ್ಲ. ಬಾವಿಯ ಸುತ್ತ ಏನಿದೆ? ಅದೂ ಗೊತ್ತಿರಲಿಲ್ಲ. ಆ ಬಾವಿ ಮನೆಯ ಹಿಂದೆ, ಅಡಿಗೆಕೋಣೆಯ ಬಾಗಿಲಿಗೆ ತಾಗಿ ಇತ್ತು. ಹೆಂಗಸರು ಓಡಾಡುವ ಜಾಗ. ಗಂಡಸರು ದೋಣಿಗೆ ಹೋಗಿರುವ ಹೊತ್ತಿನಲ್ಲಿ ಹೊರಗಿನವನಾದ ನಾನು ಅಲ್ಲಿಗೆ ಹೋಗುವ ಹಾಗಿರಲಿಲ್ಲ, ಹೋಗುತ್ತೇನೆ ಎಂದು ಕೇಳುವುದೂ ಮರ್ಯಾದೆಯಲ್ಲ. ತೊಳೆದ ಬಾಟಲಿಗಳನ್ನು ಜಗಲಿಯಲ್ಲಿ ಕೊಡುತ್ತಿದ್ದೆ, ಒಳಗಿನಿಂದ ತುಂಬಿಸಿ ತಂದು ಕೊಡುತ್ತಿದ್ದರು. ಒಂದು ವರ್ಷ ಅಳೆದ ಬಾವಿಯನ್ನು ನಾನು ಒಂದು ಸಲವೂ ನೋಡಿರಲಿಲ್ಲ.

ಮುದುಕ ಮತ್ತೇನೂ ಕೇಳಲಿಲ್ಲ. ಥ್ಯಾಂಕ್ ಯೂ ಎಂದ.

ಫೆಲೋಶಿಪ್ ಅವಳಿಗೆ ಸಿಕ್ಕಿತು. ಸಿಕ್ಕಿದ ಮೇಲೆ ಅತ್ತಾವರದ ಒಂದು ಆಸ್ಪತ್ರೆಯ ಎದುರಿನ ಚಾ ಅಂಗಡಿಯಲ್ಲಿ ಕೂತು ಅವಳೇ ನನಗೆ ಬೆಂಗ್ರೆಯ ಬಾವಿಯ ವಿಷಯ ಹೇಳಿದಳು. ಆ ಮನೆಯವರು ಬಂಗುಡೆ ಮೀನಿಗೆ ಉಪ್ಪು ಹಾಕಿ ಒಣಗಿಸುವವರು. ಉಪ್ಪುಮೀನು ತೊಳೆಯುವ ಬಾಲ್ದಿಯಲ್ಲೇ ಬಾವಿಯಿಂದ ನೀರು ಎತ್ತುತ್ತಿದ್ದರು. ಕುಡಿಯುವ ನೀರಿಗೆ ಬೇರೆ ಕೊಡಪಾನ ಇತ್ತು. ಆದರೆ ಕಾಲೇಜಿನವರು ಕುಡಿಯಲು ಕೇಳುತ್ತಿಲ್ಲವಲ್ಲ, ಬಾಟಲಿಯಲ್ಲಿ ಪರೀಕ್ಷೆಗೆ ತಾನೇ ಎಂದು ನನಗೆ ಬಾಲ್ದಿಯ ನೀರು ಕೊಟ್ಟಿದ್ದರು. ಮೀನು ಹೆಚ್ಚು ಬಂದ ವಾರ ಉಪ್ಪು ಏರುತ್ತಿತ್ತು, ಬಾರದ ವಾರ ಇಳಿಯುತ್ತಿತ್ತು.

"ಕಡಲು ಉಸಿರಾಡಿದ್ದು ಹೌದು ಮಾರಾಯ," ಎಂದಳು. "ಆದ್ರೆ ಬಂಗುಡೆಯ ಬಾಯಿಯಿಂದ."

ನಾನು ನಕ್ಕೆ. ನಕ್ಕದ್ದು ಚೆನ್ನಾಗಿ ನೆನಪಿದೆ, ಯಾಕೆಂದರೆ ನಗುತ್ತಿರುವಾಗಲೇ ನನ್ನೊಳಗೆ ಆ ಪ್ರಶ್ನೆ ಹುಟ್ಟಿತ್ತು. ಇದು ಅವಳಿಗೆ ಯಾವಾಗ ಗೊತ್ತಾಯಿತು? ಬೆಂಗ್ರೆಗೆ ಅವಳೂ ನನ್ನ ಜೊತೆ ಎಷ್ಟೋ ಸಲ ಬಂದಿದ್ದಳು. ಅವಳು ಆ ಮನೆಯ ಹಿತ್ತಲಿಗೆ ಹೋಗುವಳು, ಒಳಗೆ ಕೂತು ಚಾ ಕುಡಿಯುವಳು. ಬಾಲ್ದಿಯನ್ನು ಅವಳು ನೋಡದೆ ಇರಲು ಸಾಧ್ಯವಿತ್ತೇ? ಸಂದರ್ಶನಕ್ಕೆ ಮೊದಲೇ ಗೊತ್ತಿದ್ದೂ ಹೇಳಲಿಲ್ಲವೆಂದಾದರೆ ನನ್ನದು ನ್ಯಾಯವಾದ ಸೋಲಲ್ಲ. ಆಮೇಲೆ ಗೊತ್ತಾದದ್ದಾದರೆ ನನ್ನದು ಬರೇ ಹೊಟ್ಟೆಕಿಚ್ಚು. ಈ ಎರಡರಲ್ಲಿ ಯಾವುದು ಎಂದು ತಿಳಿಯದೆ ನಾನು ನಡುವಯಸ್ಸು ದಾಟಿದೆ.

ಆಗ ಕೇಳಲಿಲ್ಲ. ಕೇಳಿದರೆ ಸಣ್ಣ ಮನುಷ್ಯನಾಗುತ್ತೇನೆ ಎಂದು ಸುಮ್ಮನಾದೆ. ಅವಳು ಹೋದಳು. ನಾನು ಬೇರೆ ವಿಷಯ ಹಿಡಿದು, ಎಳೆದು ಎಳೆದು ಇಲ್ಲೇ ಪಿಎಚ್.ಡಿ. ಮುಗಿಸಿ, ಕಾಲೇಜು ಸೇರಿದೆ.

ನನ್ನ ಹತ್ತಿರ ಒಂದು ನೆನಪು ಇದೆ. ಬೆಂಗ್ರೆಯಿಂದ ವಾಪಸು ಬರುವ ದೋಣಿಯಲ್ಲಿ ಅವಳು ನನ್ನ ಬಾಟಲಿಯೊಂದರ ಮುಚ್ಚಳ ತೆಗೆದು, ಬೆರಳು ಅದ್ದಿ ನಾಲಿಗೆಗೆ ಇಟ್ಟು, ನನ್ನ ಮುಖ ನೋಡಿ ಏನೋ ಹೇಳಲು ಹೊರಟು, ಹೇಳದೆ ಮುಚ್ಚಳ ಹಾಕುತ್ತಾಳೆ. ಇದೇ ನನ್ನ ಪುರಾವೆ. ಎಷ್ಟೋ ವರ್ಷ ಇದನ್ನು ತಿರುಗಿಸಿ ತಿರುಗಿಸಿ ನೋಡಿದ್ದೇನೆ. ಆಮೇಲೆ ಒಂದು ದಿನ ತರಗತಿಯಲ್ಲಿ ಪಾಠ ಮಾಡುತ್ತಿರುವಾಗ ಹೊಳೆಯಿತು. ಆ ನೆನಪಿನಲ್ಲಿ ಅವಳು ದಪ್ಪ ಕಪ್ಪು ಚೌಕಟ್ಟಿನ ಕನ್ನಡಕ ಹಾಕಿದ್ದಾಳೆ. ಕನ್ನಡಕ ಅವಳಿಗೆ ಬಂದದ್ದು ಹೊರದೇಶಕ್ಕೆ ಹೋದ ಮೇಲೆ. ಅಂದರೆ ಆ ದೃಶ್ಯವನ್ನು ನಾನು ಆಮೇಲೆ ಕಟ್ಟಿಕೊಂಡಿದ್ದೇನೆ, ಅಥವಾ ಎರಡು ಪ್ರಯಾಣಗಳನ್ನು ಒಂದು ಮಾಡಿದ್ದೇನೆ. ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟಿದ್ದೆ. ಮಕ್ಕಳು ನನಗೆ ಪಾಠ ಮರೆತುಹೋಯಿತು ಎಂದುಕೊಂಡರು.

ಅವಳು ಅಲ್ಲಿಯೇ ನಿಂತಳು, ಪ್ರೊಫೆಸರ್ ಆದಳು, ಮುಂದೆ ಅದೇ ಫೆಲೋಶಿಪ್ಪಿನಲ್ಲಿ ಬರುವವರಿಗೆ ಮಾರ್ಗದರ್ಶಕಿಯಾದಳು. ಅವಳ ಹೊಸ ಲೇಖನ ಪ್ರಕಟವಾದರೆ ನನ್ನ ಫೋನಿಗೆ ಸೂಚನೆ ಬರುವ ಹಾಗೆ ಮಾಡಿಕೊಂಡಿದ್ದೆ. ಅವಳು ಬರೆದದ್ದನ್ನೆಲ್ಲ ಓದಿದವನು ಈ ಊರಿನಲ್ಲಿ ನಾನೊಬ್ಬನೇ ಇರಬೇಕು. ತಪ್ಪು ಹುಡುಕಲು ಓದುತ್ತಿದ್ದೆ. ಸಣ್ಣಪುಟ್ಟದು ಸಿಗುತ್ತಿತ್ತು. ಬರೆದು ಕಳಿಸಿದರೆ, ಥ್ಯಾಂಕ್ಸ್ ಮಾರಾಯ, ನೀನೊಬ್ಬನೇ ಸರಿ ಓದುವುದು ಎಂದು ಉತ್ತರ ಬರುತ್ತಿತ್ತು. ನನ್ನ ವಿಷವೂ ಅವಳ ಮೈಗೆ ಏರುತ್ತಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಪ್ರತಿ ಸಲ ಮೂರು ನಾಲ್ಕು ಸಂಶೋಧಕರನ್ನು ಕರೆದುಕೊಂಡು ಊರಿಗೆ ಬರುತ್ತಿದ್ದಳು. ನೇಪಾಳದ ಬೆಟ್ಟದ ಹುಡುಗಿ, ಕೀನ್ಯಾದವನು, ಮೆಕ್ಸಿಕೋದ ದಂಪತಿ, ಹೀಗೆ ಬೇರೆ ಬೇರೆ ದೇಶದವರು. ಅವರಿಗೆ ಅವಳು ತೋರಿಸುತ್ತಿದ್ದ ಮೊದಲ ಒರತೆ ಪೇಟೆಯ ಒಂದು ಅಪಾರ್ಟ್‌ಮೆಂಟಿನ ನೆಲದಡಿಯ ಕಾರು ನಿಲ್ಲಿಸುವ ಜಾಗದಲ್ಲಿತ್ತು. ಗುಡ್ಡದ ಬುಡವನ್ನು ಕಡಿದು ಕಟ್ಟಿದ ಕಟ್ಟಡ. ಏಪ್ರಿಲಿನಲ್ಲೂ ಅಲ್ಲಿ ನೀರು ಹೊರಗೆ ಹಾಕುವ ಪಂಪು ನಿಲ್ಲುವಂತಿಲ್ಲ; ನಿಂತರೆ ಕಾರುಗಳ ಚಕ್ರ ಮುಳುಗುತ್ತದೆ. ಅವಳು ಮೂಲೆಯ ಹೊಂಡದ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಪಂಪಿನ ಸದ್ದನ್ನು ಕೇಳಿ, ಈ ವರ್ಷ ಸ್ವಲ್ಪ ಸೊರಗಿದೆ ಎನ್ನುವಳು, ಸಂಬಂಧಿಕರ ಬಗ್ಗೆ ಹೇಳುವ ಹಾಗೆ. ಅಲ್ಲಿನ ವಾಚ್‌ಮನ್ನಿಗೆ ಹಬ್ಬಕ್ಕೆ ಅಂಗಿ ತಂದುಕೊಡುತ್ತಿದ್ದಳು. ಅವನು ಬೇರೆ ಯಾರು ಬಂದರೂ ಗೇಟು ತೆರೆಯುತ್ತಿರಲಿಲ್ಲ. ನಾನು ಒಬ್ಬನೇ ಹೋಗಿ ನೋಡಿದ್ದೇನೆ, ನನಗೂ ತೆರೆಯಲಿಲ್ಲ.

ಆಮೇಲೆ ಎಲ್ಲರಿಗೂ ನಮ್ಮ ಹೋಟೆಲಿನಲ್ಲಿ ಊಟ. ಅಣ್ಣನಿಗೆ ಅವಳೆಂದರೆ ಗೌರವ. ನೀರುದೋಸೆ ತಾನೇ ನಿಂತು ಬಡಿಸುತ್ತಿದ್ದ. ಅವರು ಹೋದ ಮೇಲೆ ಒಮ್ಮೆ ನನ್ನನ್ನು ಕೇಳಿದ, "ಅಲ್ಲ, ಆ ಟೀಚರು ಬಂದ್ರೆ ನಿನ್ನ ಮುಖ ಎಂತಕ್ಕೆ ತಣ್ಣಗಾದ ಗಂಜಿಯ ಹಾಗೆ ಆಗುವುದು?"

ಕಳೆದ ವರ್ಷ ಅವಳು ಬಂದದ್ದೇ ಕೊನೆ. ಸ್ವಲ್ಪ ಇಳಿದಿದ್ದಳು. ನಮ್ಮ ಕಾಲೇಜಿನ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಗೋಡೆಯ ಮುರಕಲ್ಲನ್ನು ಮುಟ್ಟಿ ನೋಡುತ್ತಿದ್ದಳು. ಕಲ್ಲು ನೋಡುತ್ತಿದ್ದಾಳೆ ಎಂದುಕೊಂಡೆ. ದಣಿವು ಆರಿಸಿಕೊಳ್ಳುತ್ತಿದ್ದಳು ಎಂದು ಈಗ ಅನಿಸುತ್ತದೆ. ಕಾಯಿಲೆಯ ವಿಷಯ ಯಾರಿಗೂ ಹೇಳಿರಲಿಲ್ಲ. ಬೆಂಗ್ರೆಗೆ ಹೋಗುವಾ, ನೀನೂ ಬಾ ಎಂದು ಕರೆದಳು. ಇಳಿತದ ಹೊತ್ತಿನಲ್ಲಿ ಕಡಲ ಬದಿಯ ಹೊಯಿಗೆಯಿಂದ ಸಿಹಿನೀರು ಒಸರುವುದನ್ನು ಅವಳ ಹುಡುಗರಿಗೆ ತೋರಿಸಬೇಕಿತ್ತು. ನಾನು ಹೋದೆ.

ದೋಣಿಯಲ್ಲಿ, ಆ ಸಲ ಬಂದಿದ್ದ ಕೀನ್ಯಾದ ಹುಡುಗ ನನ್ನ ಪಕ್ಕದಲ್ಲಿ ಕೂತ. ಎತ್ತರದ, ಬಹಳ ವಿನಯದ ಹುಡುಗ. ಹೊಸ ಬಿಳಿ ಶೂ ಹಾಕಿದ್ದ, ದೋಣಿಯ ತಳದ ನೀರು ತಾಗದ ಹಾಗೆ ಕಾಲುಗಳನ್ನು ಎತ್ತಿ ಹಿಡಿದಿದ್ದ. ಇಂಗ್ಲಿಷಿನಲ್ಲಿ ಮಾತಾಡುತ್ತಾ, ಇದೇ ಊರಿನಲ್ಲಲ್ಲವೇ ಆ ಬಾವಿ ಇದ್ದದ್ದು ಎಂದು ಕೇಳಿದ. ಯಾವ ಬಾವಿ ಎಂದೆ. ಹೊಸದಾಗಿ ಸೇರಿದವರಿಗೆಲ್ಲ ಮೇಡಮ್ ಮೊದಲ ವಾರದಲ್ಲಿ ಒಂದು ಕಥೆ ಹೇಳುತ್ತಾರಂತೆ. ಒಬ್ಬ ತುಂಬ ಬುದ್ಧಿವಂತ, ಒಂದು ಬಾವಿಯನ್ನು ನೋಡದೆಯೇ ಒಂದು ವರ್ಷ ಅಳೆದು, ಮೀನಿನ ಬಾಲ್ದಿಯ ಉಪ್ಪಿನಿಂದ ಕಡಲಿನ ಸಿದ್ಧಾಂತ ಕಟ್ಟಿದ್ದು. ಆ ಕಥೆ ಕೇಳಿದವರು ಮತ್ತೆ ಯಾವತ್ತೂ ಕಣ್ಣಿನಿಂದ ನೋಡದೆ ಬಾವಿಯ ನೀರು ತೆಗೆಯುವುದಿಲ್ಲವಂತೆ. ತನ್ನ ಊರಿನಲ್ಲಿ ತನ್ನ ವಿದ್ಯಾರ್ಥಿಗಳಿಗೂ ಅವನು ಅದನ್ನು ಹೇಳುತ್ತಾನಂತೆ.

"ನಿಮಗೆ ಅವರ ಪರಿಚಯ ಇದೆಯೇ, ಸರ್?" ಎಂದು ಕೇಳಿದ.

ಇದೆ ಎಂದೆ.

ಲೇಖನಗಳಲ್ಲಿ ಎಲ್ಲೂ ಬಾರದ ನಾನು ಹೀಗೆ ನನಗೆ ಗೊತ್ತಿಲ್ಲದ ದೇಶಗಳಲ್ಲಿ ಹೆಸರಿಲ್ಲದೆ ಓಡಾಡಿಕೊಂಡಿದ್ದೆ.

ಕಡಲ ಬದಿಗೆ ಹೋಗುವಾಗ ಹುಡುಗರು ಮುಂದೆ ಓಡಿದರು. ಇಳಿತ ಪೂರ್ತಿ ಆಗಿರಲಿಲ್ಲ. ಅವಳು ಮಗುಚಿ ಹಾಕಿದ ಒಂದು ಹಳೆಯ ದೋಣಿಯ ಮೇಲೆ ಕೂತಳು. ನಾನು ನಿಂತೇ ಇದ್ದೆ. ಇಲ್ಲಿಂದ ಮುಂದಿನದನ್ನು ನಾನು ಅದೇ ಸಂಜೆ ಮನಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಂಡಿದ್ದೇನೆ. ಒಂದೆರಡು ಶಬ್ದ ಆಚೀಚೆ ಆಗಿರಬಹುದು. ನಾವು ತುಳುವಿನಲ್ಲಿ ಮಾತಾಡಿದ್ದು, ಕನ್ನಡಕ್ಕೆ ತಂದದ್ದು ನಾನು.

"ನನ್ನ ಕಥೆ ಹೇಳ್ತೀಯಂತೆ ಮಕ್ಕಳಿಗೆ," ಎಂದೆ.

ಅವಳಿಗೆ ಸಂಕೋಚವೇನೂ ಆಗಲಿಲ್ಲ. "ಹೆಸರು ಹೇಳುವುದಿಲ್ಲ ಮಾರಾಯ."

"ಹೇಳ್ಬೇಕಿತ್ತು. ಆ ಲೆಕ್ಕದಲ್ಲಾದರೂ ನನ್ನ ಹೆಸರು ನಾಲ್ಕು ದೇಶ ನೋಡ್ತಿತ್ತು."

ಅವಳು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ಕಾದು, ಇಷ್ಟು ವರ್ಷ ಕೇಳದೆ ಇದ್ದದ್ದನ್ನು ಕೇಳಿದೆ. ಆ ಬಾಲ್ದಿಯ ವಿಷಯ ಅವಳಿಗೆ ಗೊತ್ತಾದದ್ದು ಯಾವಾಗ, ಸಂದರ್ಶನಕ್ಕೆ ಮೊದಲೋ, ಆಮೇಲೆಯೋ?

ಅವಳು ಕನ್ನಡಕ ತೆಗೆದು ಶಾಲಿನ ತುದಿಯಿಂದ ಒರೆಸಿದಳು. ನಿಜವಾಗಿ ನೆನಪು ಮಾಡಿಕೊಳ್ಳಲು ಪ್ರಯತ್ನಿಸುತ್ತಿದ್ದಳು, ಅದು ನನಗೆ ಕಾಣುತ್ತಿತ್ತು.

"ನೆನಪಿಲ್ಲ," ಎಂದಳು. "ಮೊದಲೇ ಇರಬಹುದು. ಆ ಹಿತ್ತಲಿಗೆ ನಾನು ಯಾವಾಗಲೂ ಹೋಗ್ತಿದ್ದೆ ಅಲ್ವಾ. ಆದ್ರೆ ಒಂದು ಹೇಳ್ತೇನೆ. ಮೊದಲೇ ಗೊತ್ತಿದ್ರೂ ನಾನು ನಿಂಗೆ ಹೇಳ್ತಿರ್ಲಿಲ್ಲ."

ಅವಳು ಇಲ್ಲ ಎನ್ನುತ್ತಾಳೆ ಎಂದು ಯೋಚಿಸಿದ್ದೆ. ಕ್ಷಮಿಸು ಎಂದರೆ ಏನು ಹೇಳಬೇಕು ಎಂದೂ ಯೋಚಿಸಿಟ್ಟಿದ್ದೆ. ಏನು ಮಾಡಬೇಕೆಂದು ತೋಚದೆ ನಾನೇ ಅವಳಿಗೆ ಒಂದು ಕಾರಣ ಕೊಡಲು ಹೋದೆ. ಆಗ ಮನೆಯಲ್ಲಿ ಒತ್ತಾಯ ಇದ್ದಿರಬೇಕು, ಫೆಲೋಶಿಪ್ ಸಿಗದೆ ಹೋದರೆ ಓದು ನಿಲ್ಲಿಸಿ ಮದುವೆ ಮಾಡುತ್ತಿದ್ದರೇನೋ ಎಂದೆ.

"ಇಲ್ಲ ಮಾರಾಯ, ಮನೆಯಲ್ಲಿ ಯಾರೂ ಎಂತದೂ ಹೇಳಿರ್ಲಿಲ್ಲ. ನಂಗೆ ಅದು ಬೇಕಿತ್ತು. ಅಷ್ಟೇ." ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದಳು. "ನೀನಾಗಿದ್ರೆ ಹೇಳ್ತಿದ್ದಿಯಾ?"

"ಹೇಳ್ತಿದ್ದೆ," ಎಂದೆ. ಯೋಚಿಸುವ ಅಗತ್ಯ ಇರಲಿಲ್ಲ. ಅವಳು ಕೇಳಿದಾಗ ನನ್ನ ಮೀಟರಿನ ಬ್ಯಾಟರಿ, ನನ್ನ ನಕ್ಷೆಗಳು, ನನ್ನ ಕೊಡೆಗಳನ್ನೆಲ್ಲ ಕೊಟ್ಟವನು ನಾನು. ಹೇಳಿಯೇ ಹೇಳುತ್ತಿದ್ದೆ.

ಅವಳು ತಲೆಯಾಡಿಸಿದಳು. ನನ್ನನ್ನು ನಂಬಿದಳು. ಆಮೇಲೆ, ಗೇಲಿ ಏನೂ ಇಲ್ಲದೆ, ಬಾವಿಯ ಆಳ ಹೇಳುವ ದನಿಯಲ್ಲಿ ಹೇಳಿದಳು: "ಹಾಗಾದ್ರೆ ನಿಂಗೆ ಅದು ಅಷ್ಟು ಬೇಕಿರ್ಲಿಲ್ಲ."

ಕೆಳಗಿನಿಂದ ನೇಪಾಳದ ಹುಡುಗಿ ಕೈಬೀಸಿದಳು. ನೀರು ಹಿಂದೆ ಹೋಗಿತ್ತು. ಅವಳು ಮಗುಚಿದ ದೋಣಿಯಿಂದ ಎದ್ದು, ಚಪ್ಪಲಿ ಕಳಚಿ, ಇಡಲು ಒಣಗಿದ ಜಾಗ ಹುಡುಕಿ, ಸಿಗದೆ ನನ್ನ ಕೈಗೆ ಕೊಟ್ಟು ಇಳಿದು ಹೋದಳು. ನಿಧಾನವಾಗಿ ಹೋದಳು, ಆದರೆ ನಿಲ್ಲಲಿಲ್ಲ. ನಾನು ಅವಳ ಚಪ್ಪಲಿಗಳನ್ನು ಹಿಡಿದುಕೊಂಡು ನಿಂತಿದ್ದೆ. ನನಗೂ ಬೇಕಿತ್ತು ಎಂದು ಅವಳ ಬೆನ್ನಿಗೆ ಕೂಗಿ ಹೇಳಬೇಕು ಅನಿಸಿತು. ಹಗಲು ರಾತ್ರಿ ಓದಿದ್ದು, ಬಿಸಿಲಿನಲ್ಲಿ ದೋಣಿ ಕಾದದ್ದು, ನಕ್ಷೆಯನ್ನು ತಿದ್ದಿ ತಿದ್ದಿ ಬರೆದದ್ದು ಎಲ್ಲ ಒಟ್ಟಿಗೆ ಬಾಯಿಗೆ ಬಂತು. ಇಷ್ಟು ಸಾಕಲ್ಲವೇ, ಬೇಕು ಎನ್ನಲು ಇನ್ನೇನು ಮಾಡಬೇಕಿತ್ತು ನಾನು ಎಂದು ನನ್ನಲ್ಲೇ ಜಗಳವಾಡುತ್ತಿದ್ದೆ.

ಕೀನ್ಯಾದ ಹುಡುಗ ಮೀಟರಿನ ತಂತಿ ತೆಗೆದುಕೊಳ್ಳಲು ಮೇಲೆ ಬಂದ. ಚೀಲದಲ್ಲಿ ಹುಡುಕುತ್ತಾ, ದೋಣಿಯಲ್ಲಿ ಅರ್ಧಕ್ಕೆ ನಿಂತ ಮಾತು ನೆನಪಾಗಿ ಕೇಳಿದ. "ಸರ್, ಆ ಬಾವಿಯ ವ್ಯಕ್ತಿ ಮರುವರ್ಷ ಮತ್ತೆ ಅರ್ಜಿ ಹಾಕಲಿಲ್ಲವೇ? ಈ ಫೆಲೋಶಿಪ್ ಪ್ರತಿ ವರ್ಷ ಇರುತ್ತದಲ್ಲ. ನನ್ನನ್ನು ಎರಡು ಸಲ ತಿರಸ್ಕರಿಸಿದ್ದರು, ಮೂರನೇ ಸಲ ತೆಗೆದುಕೊಂಡರು."

"ಹಾಕಲಿಲ್ಲ," ಎಂದೆ.

"ಯಾಕೆ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಕೆಳಗಿನಿಂದ ಅವಳು ಅವನ ಹೆಸರು ಹಿಡಿದು ಕೂಗಿದಳು. ಒರತೆ ಸಿಕ್ಕಿರಬೇಕು. ಅವನು ತಂತಿಯನ್ನು ಕೈಗೆ ಸುತ್ತಿಕೊಂಡು, ನನ್ನ ಉತ್ತರಕ್ಕೆ ಕಾಯದೆ, ನೀರಿನ ಕಡೆಗೆ ಓಡಿದ. ಶೂ ಬಿಚ್ಚಬೇಕೆಂದು ಅವನಿಗೆ ನೆನಪಾಗಲಿಲ್ಲ.